ಮಾತು ಕಲಿಸುವ ವಿದ್ಯೆ: ನಮ್ಮ ಸೀಮೆಯ ಒಂದು ಚರಿತ್ರೆ



ಕಳೆದ ದೀಪಾವಳಿಯ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಿಂದ ಹೆಂಡತಿ, ಮಗ ಮತ್ತು ತಾಯಿಯೊಡನೆ ನಮ್ಮ ಮನೆಗೆ ಬಂದಿದ್ದ. ನಾಲ್ಕು ವರ್ಷದ ಆ ಮಗ ಬಂದವನೇ ಬಾಗಿಲ ಬಳಿಯಿದ್ದ ಚಪ್ಪಲಿಗಳನ್ನೆಲ್ಲ ಉದ್ದಕ್ಕೆ ಸಾಲಾಗಿ ಜೋಡಿಸುತ್ತ ಕುಳಿತುಬಿಟ್ಟ. ನನ್ನ ಹೆಂಡತಿ ಕೋಡುಬಳೆ ಹಿಡಿದು, "ಬಾ ಕಂದ, ನಿನ್ನ ಹೆಸರೇನು?" ಎಂದು ಕರೆದಳು. ಮಗು ತಲೆಯೆತ್ತಲಿಲ್ಲ. ಎರಡನೆಯ ಸಲ ಕೇಳಿದಾಗ ಚಪ್ಪಲಿಯ ಕಡೆಗೇ ನೋಡುತ್ತ, "ಹೆಸರೇನು?" ಎಂದಿತು. ಅಜ್ಜಿಗೆ ಸಂಕೋಚವಾಯಿತು. "ಎಲ್ಲಾ ಆ ಮೊಬೈಲಿಂದ ಆಗಿದ್ದು ಸಾ. ನಾವೂ ಮಕ್ಳ ಸಾಕಿಲ್ವಾ?" ಎಂದರು. ಸೊಸೆ ನೆಲ ನೋಡುತ್ತ ಕುಳಿತಳು. ಹೊರಡುವಾಗ ಗೇಟಿನ ಬಳಿ ನನ್ನ ಶಿಷ್ಯ ದನಿ ತಗ್ಗಿಸಿ ಕೇಳಿದ: "ಸಾರ್, ಇಂಥ ಮಕ್ಕಳಿಗೆ ಜನರ ಜೊತೆ ಮಾತಾಡೋದು ಕಲಿಸೋಕೆ ಆಗುತ್ತಾ? ನೀವು ಎಷ್ಟೋ ಮಕ್ಕಳನ್ನ ನೋಡಿದ್ದೀರಿ."

ನೋಡಿದ್ದೇನೆ, ನಿಜ. ಆದರೆ ಒಂದು ಮಗುವನ್ನು ಹೇಗೆ ನೋಡಿದೆ ಎಂಬುದನ್ನು ನೆನೆದರೆ ಇಂದಿಗೂ ನನಗೆ ತಲೆ ತಗ್ಗುತ್ತದೆ. ಅವನಿಗೆ ಅಂದು ಎರಡು ಮಾತಿನಲ್ಲಿ ಸಮಾಧಾನ ಹೇಳಿ ಕಳುಹಿಸಿದೆ. ಪೂರ್ಣ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಚರಿತ್ರೆಯ ಮೇಷ್ಟ್ರಾದ ನನಗೆ ಇಸವಿಗಳಿಲ್ಲದೆ ಕೈ ಓಡುವುದಿಲ್ಲ. ಇಸವಿ ಎಂದರೆ ಗೊಣಗುತ್ತಿದ್ದವರು ಈಗಲೂ ಗೊಣಗಬಹುದು.

ಹಳೆಯ ಹೆಸರುಗಳು

ನನ್ನ ಹುಟ್ಟೂರು ಪುಣಜನೂರು ಎಂಬುದು ನಿಮಗೆಲ್ಲ ಗೊತ್ತು. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ಹೆದ್ದಾರಿಯಲ್ಲಿ ಕಾಡಿನ ಅಂಚಿನ ಊರು. ಅರಣ್ಯ ಇಲಾಖೆಯ ಚೆಕ್‌ಪೋಸ್ಟು ದಾಟಿ ಮುಂದೆ ಹೋದರೆ ತಮಿಳುನಾಡಿನ ಹಾಸನೂರು, ಅದರಾಚೆ 27 ತಿರುವುಗಳ ದಿಂಬಂ ಘಾಟಿ. ಸುತ್ತಲೂ ಸೋಲಿಗರ ಪೋಡುಗಳು. ನನ್ನ ಬಾಲ್ಯದಲ್ಲಿ ಅಲ್ಲಿ ಕನ್ನಡ, ತಮಿಳು, ಸೋಲಿಗನುಡಿ ಮೂರೂ ಒಂದೇ ಅಂಗಡಿಯ ಜಗಲಿಯ ಮೇಲೆ ಕೇಳಿಬರುತ್ತಿದ್ದವು.

ಇಷ್ಟು ಭಾಷೆಗಳ ಊರಿನಲ್ಲಿ ಮಾತಾಡದ ಮಗುವಿಗೆ ಮಾತ್ರ ಇದ್ದದ್ದು ಎರಡು ಮೂರೇ ಹೆಸರು. ಮೂಗ, ಪೆದ್ದ, ಇಲ್ಲವೇ ಹಠಮಾರಿ. ಕಿವಿ ಕೇಳದ ಮಗು, ಬುದ್ಧಿಯ ಬೆಳವಣಿಗೆ ನಿಧಾನವಾದ ಮಗು, ಶಾಲೆಯ ಕನ್ನಡ ತನ್ನ ಮನೆಯ ನುಡಿಗಿಂತ ಬೇರೆಯಾದ್ದರಿಂದ ಸುಮ್ಮನಿದ್ದ ಸೋಲಿಗರ ಮಗು, ಮಾತು ಬಂದರೂ ಜನರೊಡನೆ ಅದನ್ನು ಬಳಸುವ ಬಗೆ ತಿಳಿಯದ ಮಗು, ಎಲ್ಲವೂ ಒಂದೇ ರಾಶಿಗೆ ಸೇರುತ್ತಿದ್ದವು. ಚಿಕಿತ್ಸೆಯೂ ಒಂದೇ. ಬಜೆ ತೇಯ್ದು ನಾಲಿಗೆಗೆ ಹಚ್ಚುವುದು, ಮಾದಪ್ಪನಿಗೆ ಹರಕೆ ಹೊರುವುದು. ಎರಡೂ ಫಲಿಸದಿದ್ದರೆ ತಪ್ಪು ತಾಯಿಯದು. ಬಸುರಿಯಾಗಿದ್ದಾಗ ಏನು ತಿಂದಳೋ, ಯಾವ ಗ್ರಹಣದಲ್ಲಿ ಹೊರಗೆ ಬಂದಳೋ ಎಂದು.

ಇದನ್ನು ಹಳ್ಳಿಯ ಅಜ್ಞಾನವೆಂದು ತಳ್ಳಿಹಾಕುವವರು ಒಂದು ಸಂಗತಿ ತಿಳಿಯಬೇಕು. 1943ರಲ್ಲಿ ಅಮೆರಿಕದ ಬಾಲ್ಟಿಮೋರಿನ ವೈದ್ಯ ಲಿಯೋ ಕ್ಯಾನರ್ 11 ಮಕ್ಕಳ ಲಕ್ಷಣಗಳನ್ನು ವಿವರಿಸಿ ಲೇಖನ ಬರೆದ. ಆಟಿಸಂ ಎಂಬ ಸ್ಥಿತಿಯನ್ನು ಜಗತ್ತು ಗುರುತಿಸಿದ್ದು ಮುಖ್ಯವಾಗಿ ಆ ಲೇಖನದಿಂದ. ಮರುವರ್ಷ ವಿಯೆನ್ನಾದಲ್ಲಿ ಹ್ಯಾನ್ಸ್ ಆಸ್ಪರ್ಗರ್ ಅಂಥದೇ ಮಕ್ಕಳ ಬಗ್ಗೆ ಬರೆದ. ಇವರಿಬ್ಬರಿಗೂ ಮೊದಲೇ, 1920ರ ದಶಕದಲ್ಲಿ, ಸೋವಿಯತ್ ವೈದ್ಯೆ ಗ್ರೂನ್ಯಾ ಸುಖರೇವಾ ಆರು ಹುಡುಗರನ್ನು ಕುರಿತು ಬರೆದಿದ್ದರು, ಯಾರೂ ಗಮನಿಸಿರಲಿಲ್ಲ. ಇಷ್ಟಾದ ಮೇಲೂ 1950-60ರ ದಶಕಗಳಲ್ಲಿ ಅಮೆರಿಕದ ಹೆಸರಾಂತ ತಜ್ಞರು ಹೇಳುತ್ತಿದ್ದುದೇನು? ತಾಯಿಯ ಪ್ರೀತಿ ತಣ್ಣಗಿದ್ದುದರಿಂದ ಮಗು ಹೀಗಾಯಿತು ಎಂದು! 1964ರಲ್ಲಿ ಬರ್ನಾರ್ಡ್ ರಿಮ್ಲಂಡ್ ಎಂಬ ಮನೋವಿಜ್ಞಾನಿ, ತಾನೂ ಅಂಥ ಮಗುವಿನ ತಂದೆಯಾಗಿದ್ದವನು, ಇದು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು, ತಾಯಿಯ ತಪ್ಪಲ್ಲ ಎಂದು ವಾದಿಸಿ ಪುಸ್ತಕ ಬರೆದ ಮೇಲೆಯೇ ಆ ಮಾತಿನ ಬಲ ಕುಗ್ಗತೊಡಗಿದ್ದು. ನಮ್ಮ ಅಜ್ಜಿಯಂದಿರೂ ಅವರ ಪ್ರೊಫೆಸರುಗಳೂ ದೂಷಿಸಿದ್ದು ಒಬ್ಬಳನ್ನೇ.

ಅಳೆಯಲು ಕಲಿತದ್ದು

ಕನ್ನಡ ನಾಡಿನಲ್ಲಿ ಈ ರಾಶಿಯನ್ನು ಬಿಡಿಸಿ ನೋಡುವ ಕೆಲಸ ಶುರುವಾದದ್ದು ಯಾವಾಗ? 1930ರ ದಶಕದಲ್ಲಿ ವಿ. ವಿ. ಕಾಮತ್ ಎಂಬ ಶಿಕ್ಷಣತಜ್ಞರು ಬುದ್ಧಿಮಾಪನದ ಬಿನೆ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗಿಸಿದರು. ಬಿನೆ-ಕಾಮತ್ ಪರೀಕ್ಷೆಯೆಂಬ ಹೆಸರು ಇಂದಿಗೂ ಕಿವಿಗೆ ಬೀಳುತ್ತದೆ. ಕನ್ನಡದ ಮಗುವನ್ನು ಕನ್ನಡದಲ್ಲಿಯೇ ಪ್ರಶ್ನಿಸಿ ತಿಳಿಯಬೇಕು ಎಂಬುದು ಅಂದಿಗೆ ದೊಡ್ಡ ಹೆಜ್ಜೆ. ಆದರೆ ಪರೀಕ್ಷಕನ ಪ್ರಶ್ನೆಗೆ ಉತ್ತರವನ್ನೇ ಕೊಡದ ಮಗುವಿಗೆ ಅದು ಏನು ಮಾಡೀತು?

1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. 1974ರಲ್ಲಿ ಅದೂ ಪಕ್ಕದ ಮಾನಸಿಕ ಆಸ್ಪತ್ರೆಯೂ ಒಂದಾಗಿ ನಿಮ್ಹಾನ್ಸ್ ಆಯಿತು. ಮಕ್ಕಳ ಮನಸ್ಸಿಗೆ ಪ್ರತ್ಯೇಕ ವೈದ್ಯ ಬೇಕು ಎಂಬ ತಿಳಿವಳಿಕೆ ನಮ್ಮ ನಾಡಿನಲ್ಲಿ ಬಲಗೊಂಡದ್ದು ಅಲ್ಲಿಂದ.

ನಮ್ಮ ಸೀಮೆಗೆ ಇನ್ನೂ ಹತ್ತಿರದ ಘಟನೆ 1965ರದು. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಸ್ಥಾಪನೆಯಾಯಿತು. ಮಾನಸಗಂಗೋತ್ರಿಯಲ್ಲಿ ಅದರ ಕಟ್ಟಡಕ್ಕೆ 1966ರ ಜುಲೈನಲ್ಲಿ ಅಡಿಗಲ್ಲಿಟ್ಟವರು ರಾಷ್ಟ್ರಪತಿ ರಾಧಾಕೃಷ್ಣನ್. ಒಂದು ಕಾಲದಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿಯೇ ಪಾಠ ಹೇಳಿದ ಮೇಷ್ಟ್ರು. ಆ ಸಂಸ್ಥೆಗೆ ನಮ್ಮ ಜನ ಇಟ್ಟುಕೊಂಡ ಹೆಸರು 'ಸ್ಪೀಚ್ ಅಂಡ್ ಹಿಯರಿಂಗ್'. ಕನ್ನಡ ಮಕ್ಕಳ ಉಚ್ಚಾರ, ಪದಸಂಪತ್ತು, ವಾಕ್ಯರಚನೆಗಳನ್ನು ಅಳೆಯುವ ಪರೀಕ್ಷೆಗಳು 1970ರ ದಶಕದಿಂದೀಚೆಗೆ ಅಲ್ಲಿ ಒಂದೊಂದಾಗಿ ರೂಪುಗೊಂಡವು. ಯಾವ ವಯಸ್ಸಿನಲ್ಲಿ ಕನ್ನಡದ ಮಗು ಯಾವ ಅಕ್ಷರವನ್ನು ಸರಿಯಾಗಿ ನುಡಿಯುತ್ತದೆ ಎಂಬುದನ್ನು ಶಾಸ್ತ್ರೀಯವಾಗಿ ಕಂಡುಕೊಳ್ಳಲು ಅಲ್ಲಿಯವರೆಗೆ ಕಾಯಬೇಕಾಯಿತು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಅಕ್ಷರ, ಪದ, ವಾಕ್ಯ ಇವು ಮೂರೂ ಬಂದರೆ ಮಾತು ಬಂದಂತೆಯೇ? ಲಂಡನ್ನಿನಲ್ಲಿ ಲೋರ್ನಾ ವಿಂಗ್ ಮತ್ತು ಜೂಡಿತ್ ಗೌಲ್ಡ್ 1979ರಲ್ಲಿ ಪ್ರಕಟಿಸಿದ ಅಧ್ಯಯನ ಈ ಪ್ರಶ್ನೆಯನ್ನು ಮುಂದಿಟ್ಟಿತು. ಕೆಲವು ಮಕ್ಕಳಿಗೆ ಪದಗಳಿರುತ್ತವೆ. ಆದರೆ ಯಾರೊಡನೆ, ಯಾವಾಗ, ಏತಕ್ಕಾಗಿ ಅವನ್ನು ಬಳಸಬೇಕೆಂಬುದು ತಾನಾಗಿ ಒದಗುವುದಿಲ್ಲ. ಬೇರೆ ಮಕ್ಕಳು ನೋಡಿ ಕಲಿಯುವುದನ್ನು ಇವರಿಗೆ ಬಿಡಿಸಿ ಹೇಳಬೇಕಾಗುತ್ತದೆ. ಸಾಮಾಜಿಕ ಸಂವಹನ ಎಂದು ಇಂದು ನಾವು ಕರೆಯುವುದು ಇದನ್ನೇ. 'ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ' ಎಂಬ ಗಾದೆಯನ್ನು ಎಷ್ಟು ವರ್ಷ ಬೋರ್ಡಿನ ಮೇಲೆ ಬರೆದೆನೋ! ಮಾತು 'ಬಲ್ಲ'ವನಾಗುವುದು ಎಂದರೇನೆಂದು ಒಮ್ಮೆಯೂ ಯೋಚಿಸಿರಲಿಲ್ಲ.

1992ರ ಒಂದು ಬೆಳಿಗ್ಗೆ

ಈಗ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ನಾನು ಬಿ.ಎಡ್. ಮಾಡಿದ್ದು 1980ರ ದಶಕದ ನಡುವಿನಲ್ಲಿ. 'ವಿಶಿಷ್ಟ ಮಕ್ಕಳು' ಎಂಬ ಒಂದು ಅಧ್ಯಾಯವಿತ್ತು. ಅದರಿಂದ ಪರೀಕ್ಷೆಗೆ ಐದು ಅಂಕದ ಪ್ರಶ್ನೆ ಬರುತ್ತಿತ್ತು. ಕುರುಡು, ಕಿವುಡು, ಮಂದಬುದ್ಧಿ ಎಂದು ಬರೆದರೆ ಅಂಕ ಸಿಗುತ್ತಿತ್ತು. ಆಟಿಸಂ ಎಂಬ ಪದವನ್ನು ನಾನು ಆಗ ಕೇಳಿರಲಿಲ್ಲ.

1992ರ ಜೂನ್‌ನಲ್ಲಿ ನಾನಿದ್ದ ಪ್ರೌಢಶಾಲೆಯ ಎಂಟನೆಯ ತರಗತಿಗೆ ಒಬ್ಬ ಹುಡುಗ ಬಂದ. ಅವನ ಹೆಸರನ್ನಾಗಲಿ ಶಾಲೆಯ ಹೆಸರನ್ನಾಗಲಿ ಬರೆಯುವುದಿಲ್ಲ. ಅಕ್ಷರ ದುಂಡಾಗಿತ್ತು. ಪಾಠದ ಸಾಲುಗಳನ್ನು ಕಣ್ಣು ಮುಚ್ಚಿ ಒಪ್ಪಿಸುತ್ತಿದ್ದ. ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಮೊದಲ ದಿನ ಹಾಜರಿ ಕರೆಯುವಾಗ ಅವನು ಉತ್ತರಿಸಲಿಲ್ಲ. ಬಳಿಗೆ ಹೋಗಿ, "ನಿನ್ನ ಹೆಸರೇನೋ?" ಎಂದೆ.

"ನಿನ್ನ ಹೆಸರೇನೋ?" ಎಂದ.

ತರಗತಿ ಗೊಳ್ಳೆಂದು ನಕ್ಕಿತು. ನಾನು ದನಿ ಏರಿಸಿ ಮತ್ತೆ ಕೇಳಿದೆ. ಅವನು ನನ್ನ ಏರಿದ ದನಿಯಲ್ಲಿಯೇ, ಅದೇ ರಾಗದಲ್ಲಿ, ಮತ್ತೆ ಹೇಳಿದ. ನನ್ನನ್ನು ಅಣಕಿಸುತ್ತಿದ್ದಾನೆ ಎಂದು ತಿಳಿದೆ. ಕೈ ಚಾಚಿಸಿ ನಾಲ್ಕು ಏಟು ಹೊಡೆದೆ. ಅವನು ಅಳಲಿಲ್ಲ, ಕೈ ಹಿಂದಕ್ಕೆಳೆದುಕೊಳ್ಳಲಿಲ್ಲ. "ನಿನ್ನ ಹೆಸರೇನೋ, ನಿನ್ನ ಹೆಸರೇನೋ" ಎಂದು ಮೆಲ್ಲಗೆ ಹೇಳಿಕೊಳ್ಳುತ್ತ ನಿಂತಿದ್ದ. ಆಮೇಲೂ ಎರಡು ಮೂರು ಬಾರಿ ಇಂಥದೇ ನಡೆಯಿತು. ದಸರಾ ರಜೆಯ ನಂತರ ಅವನು ಶಾಲೆಗೆ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮೇಲೆ ಕೆಂಪು ಗೆರೆ ಎಳೆದವನು ನಾನೇ.

ಅಂದು ಆ ತರಗತಿಯಲ್ಲಿ ಕುಳಿತಿದ್ದ ಕೆಲವರು ಈ ಬರಹ ಓದುತ್ತೀರಿ. ನೀವು ನಕ್ಕಿರಿ ಎಂದು ನಾನು ದೂರುವುದಿಲ್ಲ. ನಗಲು ಅನುಮತಿ ಕೊಟ್ಟದ್ದು ನನ್ನ ಬೆತ್ತ.

ಮೈಸೂರಿನಲ್ಲಿ ಕಲಿತ ಪಾಠ

ಐದು ವರ್ಷ ಕಳೆಯಿತು. 1997ರಲ್ಲಿ, ನಮ್ಮದು ಮೈಸೂರಿನಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾದ ವರ್ಷವೇ, ನನ್ನ ತಂಗಿಯ ಮಗಳಿಗೆ ಮೂರು ತುಂಬಿದರೂ ಮಾತು ಬಾರದೆ ಅವಳನ್ನು ಮೈಸೂರಿನ ಸ್ಪೀಚ್ ಅಂಡ್ ಹಿಯರಿಂಗಿಗೆ ಕರೆದೊಯ್ದೆವು. ಚಾಮರಾಜನಗರದಿಂದ ಆಗಿನ ಮೀಟರ್ ಗೇಜ್ ರೈಲು. ಮಗುವಿಗೆ ಕಿವಿ ಮಂದವೆಂದು ತಿಳಿಯಿತು. ಶ್ರವಣಸಾಧನ ಕೊಟ್ಟರು, ತಾಯಿಗೇ ತರಬೇತಿ ಕೊಟ್ಟರು. ಇಂದು ಆಕೆ ಗೃಹಿಣಿ, ನನಗಿಂತ ಹೆಚ್ಚು ಮಾತಾಡುತ್ತಾಳೆ.

ಅಲ್ಲಿ ಕಾಯುವ ಹೊತ್ತಿನಲ್ಲಿ ಪಕ್ಕದ ಬೆಂಚಿನಲ್ಲಿ ಒಬ್ಬ ಹುಡುಗ ತನ್ನ ತಾಯಿ ಕೇಳಿದ್ದನ್ನೆಲ್ಲ ತಿರುಗಿ ಹೇಳುತ್ತಿದ್ದ. "ಬಿಸ್ಕತ್ತು ಬೇಕಾ?" ಎಂದರೆ "ಬಿಸ್ಕತ್ತು ಬೇಕಾ?" ಎನ್ನುತ್ತಿದ್ದ. ಆಕೆ ಗದರದೆ ಬಿಸ್ಕತ್ತು ಕೊಟ್ಟಳು. ನನ್ನ ಎದೆ ಧಸಕ್ಕೆಂದಿತು. ನಮ್ಮ ಮಗುವನ್ನು ನೋಡುತ್ತಿದ್ದ ಚಿಕಿತ್ಸಕಿಯನ್ನು ಆಮೇಲೆ ಕೇಳಿದೆ. ಆಕೆ ಹೇಳಿದರು, "ಅದು ಎಕೋಲೇಲಿಯ ಸರ್, ಮಾರ್ದನಿ ಮಾತು. ಅವನು ಅಣಕಿಸ್ತಿಲ್ಲ. ಅವನ ಬಳಿ ಇರೋ ಮಾತು ಅದೇ. ಅದರಲ್ಲೇ ಹೌದು ಅಂತಾನೆ."

ಮುಂದೆ ಓದಿ ತಿಳಿದಾಗ ಇನ್ನಷ್ಟು ನಾಚಿಕೆಯಾಯಿತು. ಕ್ಯಾನರನ 1943ರ ಲೇಖನದಲ್ಲಿಯೇ ಇದು ಇತ್ತು. ಈ ಮಕ್ಕಳು ಕೇಳಿದ್ದನ್ನೇ ತಿರುಗಿ ನುಡಿಯುತ್ತಾರೆ, 'ನಾನು-ನೀನು' ಅದಲುಬದಲಾಗುತ್ತದೆ, ಪ್ರಶ್ನೆಯನ್ನು ಮರಳಿ ಹೇಳುವುದೇ ಅವರ ಒಪ್ಪಿಗೆ ಎಂದು ಅವನು ಬರೆದಿದ್ದ. 1980ರ ದಶಕದ ಆರಂಭದಲ್ಲಿ ಬ್ಯಾರಿ ಪ್ರಿಜಾಂಟ್ ಎಂಬ ವಾಕ್ ತಜ್ಞರು ಈ ಮಾರ್ದನಿ ಮಾತನ್ನು ನಿಲ್ಲಿಸಬೇಕಾದ ಚಟವೆಂದು ನೋಡದೆ, ಅದರಲ್ಲಿ ಕೋರಿಕೆ, ಒಪ್ಪಿಗೆ, ತನಗೆ ತಾನೇ ಹೇಳಿಕೊಳ್ಳುವ ಸಮಾಧಾನ ಎಲ್ಲವೂ ಇರುತ್ತವೆ ಎಂದು ತೋರಿಸಿಕೊಟ್ಟರು. ನಾನು ಬೆತ್ತ ಎತ್ತುವ ಹೊತ್ತಿಗೆ ಈ ತಿಳಿವಳಿಕೆಗೆ 49 ವರ್ಷ ವಯಸ್ಸಾಗಿತ್ತು. ಅದು ನಮ್ಮ ತಾಲ್ಲೂಕಿನ ಮೇಷ್ಟ್ರುಗಳ ಕೊಠಡಿಗೆ ಇನ್ನೂ ಬಂದು ತಲುಪಿರಲಿಲ್ಲ.

ಕನ್ನಡದಲ್ಲಿ ಈ ತೊಡಕು ಹೇಗಿರುತ್ತದೆಂದು ನೋಡಿ. ನಮ್ಮ ಕ್ರಿಯಾಪದದ ಬಾಲದಲ್ಲಿಯೇ ನಾನು, ನೀನು ಎಂಬುದು ಅಡಗಿದೆ. "ಉಣ್ತೀಯಾ?" ಎಂದು ಕೇಳಿ ತಾಯಿ ದಿನವೂ ಅನ್ನ ಕೊಡುತ್ತಾಳೆ. ಮಗುವಿಗೆ ಆ ಇಡೀ ಪದವೇ ಅನ್ನದ ಹೆಸರಾಗಿಬಿಡುತ್ತದೆ. ಹಸಿದಾಗ ಅದು ತಾಯಿಯ ಬಳಿ ಬಂದು "ಉಣ್ತೀಯಾ?" ಎನ್ನುತ್ತದೆ. ತಿಳಿದವಳು ಬಡಿಸುತ್ತಾಳೆ, ತಿಳಿಯದವಳು "ನಂಗ್ಯಾಕೋ ಊಟ?" ಎನ್ನುತ್ತಾಳೆ, ಮಗು ಹಸಿದೇ ಉಳಿದು ಕಿರುಚುತ್ತದೆ. ಊರು ಹಠಮಾರಿ ಎನ್ನುತ್ತದೆ.

ಮಾತು ಚೆನ್ನಾಗಿ ಬಂದ ಮಕ್ಕಳ ಕಷ್ಟ ಬೇರೆ. ನಮ್ಮ ಕಡೆ ದಾರಿಯಲ್ಲಿ ಎದುರಾದವರು "ಉಂಡ್ಯಾ ಮಗಾ?" ಎನ್ನುತ್ತಾರೆ. ಅದು ಊಟದ ವಿಚಾರಣೆಯಲ್ಲ, ನಮಸ್ಕಾರ. ಇಂಥ ಮಗು "ಇಲ್ಲ, ಸಾರು ಇನ್ನೂ ಕುದೀತಾ ಅದೆ" ಎಂದು ಪೂರ್ಣ ವರದಿ ಕೊಡುತ್ತದೆ. ಮನೆಯಿಂದ ಹೊರಡುವಾಗ "ಹೋಗ್ತೀನಿ" ಎನ್ನಬಾರದು, "ಹೋಗ್ಬುಟ್ಟು ಬತ್ತೀನಿ" ಎನ್ನಬೇಕು. ವಾಪಸು ಬಾರದವನೂ ಹಾಗೇ ಹೇಳಬೇಕು! ಗುರುತಿಲ್ಲದವರನ್ನು ಅಣ್ಣ, ಮಾವ, ಅಕ್ಕ ಎನ್ನಬೇಕು. ಸುಳ್ಳು ಹೇಳಲು ಬಾರದ ಮಗು "ಇವರು ನನ್ನ ಮಾವ ಅಲ್ಲ" ಎನ್ನುತ್ತದೆ. ನೀನು ಎಲ್ಲಿ, ನೀವು ಎಲ್ಲಿ? ಇವನ್ನು ನಾವು ಯಾರೂ ಪಾಠವಾಗಿ ಕಲಿತಿಲ್ಲ. ಹಾಗಾಗಿ ಪಾಠವಾಗಿ ಕಲಿಸಬೇಕಾದೀತು ಎಂಬುದೂ ನಮಗೆ ಹೊಳೆಯುವುದಿಲ್ಲ.

ಹೀಗೆ ಬಿಡಿಸಿ ಕಲಿಸುವ ಕ್ರಮಗಳು ಜಗತ್ತಿನಲ್ಲಿ ಹುಟ್ಟಿದ್ದು ನಮ್ಮ ಕಾಲದಲ್ಲಿಯೇ. 1985ರ ಸುಮಾರಿಗೆ ಅಮೆರಿಕದಲ್ಲಿ ಆಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ ಚಿತ್ರಗಳನ್ನು ಕೊಟ್ಟು ವಸ್ತುಗಳನ್ನು ಕೇಳುವ ಪದ್ಧತಿಯನ್ನು ರೂಪಿಸಿದರು. ಮಗು ನೀರಿನ ಚಿತ್ರವನ್ನು ತಂದು ಇನ್ನೊಬ್ಬರ ಕೈಯಲ್ಲಿಟ್ಟರೆ ನೀರು ಸಿಗುತ್ತದೆ. ಇನ್ನೊಬ್ಬರ ಬಳಿಗೆ ಹೋಗುವುದೇ ಅದರ ಮೊದಲ ಪಾಠ. 1990ರ ದಶಕದ ಆರಂಭದಲ್ಲಿ ಮಿಷಿಗನ್ ರಾಜ್ಯದ ಕ್ಯಾರೊಲ್ ಗ್ರೇ, ನಮ್ಮಂತೆಯೇ ಶಾಲೆಯಲ್ಲಿ ಕೆಲಸ ಮಾಡುತ್ತಿದ್ದವರು, 'ಸಾಮಾಜಿಕ ಕಥೆ'ಗಳನ್ನು ಬರೆಯತೊಡಗಿದರು. ಒಂದು ಸನ್ನಿವೇಶದಲ್ಲಿ ಏನಾಗುತ್ತದೆ, ಜನ ಯಾಕೆ ಹಾಗೆ ಮಾಡುತ್ತಾರೆ ಎಂಬುದನ್ನು ನಾಲ್ಕಾರು ಸರಳ ವಾಕ್ಯಗಳಲ್ಲಿ ಮಗುವಿಗೆ ಮೊದಲೇ ಓದಿ ಹೇಳುವುದು. ನಮ್ಮ ನಾಡಿನಲ್ಲಿ 1995ರಲ್ಲಿ ಬೆಂಗಳೂರಿನಲ್ಲಿ ಜಯಶ್ರೀ ರಮೇಶ್ ಅವರ 'ಆಶಾ' ಸಂಸ್ಥೆ ಆರಂಭವಾಯಿತು. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಪ್ರತಿಭಾ ಕಾರಂತರು 2000ದ ನಂತರ ಬೆಂಗಳೂರಿನಲ್ಲಿ 'ಕಾಂ ಡೀಲ್' ಎಂಬ ಕಾರ್ಯಕ್ರಮವನ್ನು ಬೆಳೆಸಿದರು. ಆರು ವರ್ಷದೊಳಗಿನ ಮಕ್ಕಳಿಗೆ ಭಾಷೆ, ಚಲನೆ, ಬೆರೆಯುವಿಕೆ ಇವನ್ನೆಲ್ಲ ಒಟ್ಟಿಗೆ ಕಲಿಸಿ, ಸಾಮಾನ್ಯ ಶಾಲೆಗೆ ಸಿದ್ಧಗೊಳಿಸುವುದು ಅದರ ಗುರಿ.

ಪುಣಜನೂರಿನ ಟೀ ಅಂಗಡಿ

ಮೈಸೂರಿನಿಂದ ಮರಳುವ ರೈಲಿನಲ್ಲಿ ನನ್ನ ಬಾಯಿಂದ ಮಾತು ಹೊರಡಲಿಲ್ಲ. ಆ ಹುಡುಗ ಎಲ್ಲಿದ್ದಾನೆಂದು ನನಗೆ ಗೊತ್ತಿತ್ತು. ಶಾಲೆ ಬಿಟ್ಟ ಮೇಲೆ ಅವನನ್ನು ಪುಣಜನೂರಿನಲ್ಲಿ ಟೀ ಅಂಗಡಿ ಇಟ್ಟಿದ್ದ ಸೋದರಮಾವನ ಬಳಿಗೆ ಕಳುಹಿಸಿದ್ದರು. ನಾನು ಊರಿಗೆ ಹೋದಾಗಲೆಲ್ಲ ಅವನನ್ನು ದೂರದಿಂದ ಕಂಡು ಬೇರೆ ಅಂಗಡಿಯಲ್ಲಿ ಟೀ ಕುಡಿಯುತ್ತಿದ್ದೆ. ಮುಂದಿನ ಭಾನುವಾರ ಆ ಅಂಗಡಿಗೇ ಹೋದೆ.

ಹುಡುಗನಿಗೆ ಆಗ 19. ಲೋಟ ತೊಳೆದು ಸಾಲಾಗಿ ಇಡುತ್ತಿದ್ದ. ಒಬ್ಬ ಪ್ರಯಾಣಿಕ "ಕೊಯಮತ್ತೂರು ಬಸ್ಸು ಯಾವಾಗ?" ಎಂದಾಗ ಗಂಟೆ, ನಿಮಿಷ ಸಹಿತ ಹೇಳಿದ. ತಿರುಗಿ ಪ್ರಶ್ನೆ ಹೇಳಲಿಲ್ಲ! ಇದು ಹೇಗಾಯಿತೆಂದು ಅವನ ಮಾವನನ್ನು ಕೇಳಿದೆ. ಆತ ಓದಿದ್ದು ಮೂರನೆಯ ಕ್ಲಾಸು. "ಅವ್ನು ನಾವು ಹೇಳುದ್ನೇ ಹೇಳ್ತಾನೆ ಅಂತ ಗೊತ್ತಾಯ್ತಲ್ಲ ಮೇಷ್ಟ್ರೇ, ಅಂದ್ಮೇಲೆ ಅವ್ನು ಏನು ಹೇಳ್ಬೇಕೋ ಅದನ್ನೇ ನಾವು ಹೇಳುದ್ರಾಯ್ತು" ಎಂದ.

ಆತ ಮಾಡಿದ್ದಿಷ್ಟು. ಹುಡುಗನಿಗೆ ಪ್ರಶ್ನೆ ಕೇಳುವುದನ್ನು ಬಿಟ್ಟ. ಗಿರಾಕಿ ಕುಳಿತ ಕೂಡಲೇ ತಾನೇ ಹುಡುಗನ ಪಕ್ಕ ನಿಂತು, "ಟೀ ತಗೊಳ್ಳಿ, ಒಂದೂವರೆ ರೂಪಾಯಿ" ಎನ್ನುತ್ತಿದ್ದ. ಹುಡುಗ ಅದನ್ನೇ ಹೇಳುತ್ತಿದ್ದ. ಲೋಟ ಕೊಡುವುದು, ಮಾತು ಹೇಳುವುದು, ಕಾಸು ತೆಗೆದುಕೊಳ್ಳುವುದು ದಿನವೂ ಅದೇ ಕ್ರಮ. ಮೆಲ್ಲಗೆ ಮಾವ ಮೊದಲ ಪದ ಮಾತ್ರ ಹೇಳತೊಡಗಿದ. ಆಮೇಲೆ ತುಟಿ ಅಲುಗಿಸುವುದಷ್ಟೇ. ಆಮೇಲೆ ಅದೂ ಇಲ್ಲ. ಮೂರು ವಾಕ್ಯಕ್ಕೆ ಎರಡು ವರ್ಷ ಹಿಡಿಯಿತಂತೆ. ಬಸ್ಸಿನ ವೇಳೆ ಹೇಳುವುದನ್ನು ಮಾತ್ರ ಹುಡುಗ ತಾನೇ ಕಲಿತ, ಅದು ಅವನಿಗೆ ಪ್ರಾಣ. ಮೊದಲು ಮಾತನ್ನು ಬಾಯಿಗೆ ಹಾಕಿ, ಆಮೇಲೆ ಆಸರೆಯನ್ನು ಸ್ವಲ್ಪಸ್ವಲ್ಪವಾಗಿ ತೆಗೆಯುವುದು. ತರಬೇತಾದ ಚಿಕಿತ್ಸಕರು ಇಂದು ಮಾಡುವುದೂ ಇದನ್ನೇ. ಬಿ.ಎಡ್. ಮಾಡಿದ ನನಗೆ ಹೊಳೆಯದ್ದು ಆತನಿಗೆ ಹೊಳೆದಿತ್ತು, ಏಕೆಂದರೆ ಆತ ಹುಡುಗನನ್ನು ನೋಡುತ್ತ ಕೂತಿದ್ದ.

ಹಳ್ಳಿಯನ್ನು ಹೊಗಳಲು ಇದನ್ನು ಬರೆಯುತ್ತಿಲ್ಲ. ಅದೇ ಅಂಗಡಿಯಲ್ಲಿ ಕೆಲವು ಲಾರಿಯವರು ಮೋಜಿಗಾಗಿ ಹುಡುಗನಿಂದ ಹೊಲಸು ಮಾತು ಹೇಳಿಸುತ್ತಿದ್ದರು. ಅಂಥವರಿಗೆ ಮಾವ ಟೀ ಕೊಡುವುದನ್ನೇ ನಿಲ್ಲಿಸಿದ. ಅಲ್ಲದೆ ಅದು ವೀರಪ್ಪನ್ ಕಾಲ. ಕಾಡಿನ ದಾರಿಯಲ್ಲಿ ಸಂಜೆಯಾದ ಮೇಲೆ ಯಾರು ಯಾರನ್ನು ಪ್ರಶ್ನಿಸುವರೋ ತಿಳಿಯದು. "ಎಲ್ಲಿಗೆ ಹೋಗ್ತಿದ್ದೀಯಾ?" ಎಂದವರಿಗೆ "ಎಲ್ಲಿಗೆ ಹೋಗ್ತಿದ್ದೀಯಾ?" ಎಂದರೆ ಏನಾದೀತು? ಹುಡುಗನಿಗೆ ಯಾರೂ ಏನೂ ಮಾಡಲಿಲ್ಲ. ಆದರೆ ಆ ಭಯಕ್ಕೇ ಅವನ ತಾಯಿ "ನಾನು ಟೀ ಅಂಗಡಿ ಹುಡ್ಗ" ಎಂಬ ವಾಕ್ಯವನ್ನು ಬಂದಾಗಲೆಲ್ಲ ಜಪದಂತೆ ಹೇಳಿಕೊಡುತ್ತಿದ್ದಳಂತೆ. ಸಾಮಾಜಿಕ ಸಂವಹನ ಎಂಬ ದೊಡ್ಡ ಪದದ ಅರ್ಥ ಆ ತಾಯಿಗೆ ತಿಳಿದಿದ್ದಷ್ಟು ನನಗೆ ತಿಳಿದಿರಲಿಲ್ಲ.

ಅಂದು ಹುಡುಗ ನನಗೂ ಟೀ ತಂದಿಟ್ಟ. "ಟೀ ತಗೊಳ್ಳಿ, ಒಂದೂವರೆ ರೂಪಾಯಿ" ಎಂದ. ಕಾಸು ಕೊಟ್ಟೆ. ಅವನು ಹೋಗಲಿಲ್ಲ. ರಸ್ತೆಯ ಕಡೆ ನೋಡುತ್ತ, ಗದರುವ ದನಿಯಲ್ಲಿ, "ನಿನ್ನ ಹೆಸರೇನೋ?" ಎಂದ. ಅದು ನನ್ನದೇ ದನಿ, 1992ರ ದನಿ. ಐದು ವರ್ಷ ಅವನು ಅದನ್ನು ಇಟ್ಟುಕೊಂಡಿದ್ದ. ನಾನು ಎದ್ದು ನಿಂತು ನನ್ನ ಹೆಸರು ಹೇಳಿದೆ. ಮತ್ತೆ ಕೇಳಿದ, ಮತ್ತೆ ಹೇಳಿದೆ. ತಪ್ಪಾಯಿತಪ್ಪಾ ಎಂದೂ ಹೇಳಿದೆ. ಅದು ಅವನನ್ನು ಮುಟ್ಟಿತೋ ಇಲ್ಲವೋ ತಿಳಿಯದು. ಚಾಮರಾಜನಗರದ ಬಸ್ಸು ಬಂತು, ಅವನು ಅದರ ನಂಬರು ಓದುತ್ತ ಆ ಕಡೆ ಹೋದ.

ಕಾನೂನು ಬಂದದ್ದು

ಇಂಥ ಮಕ್ಕಳನ್ನು ಸರ್ಕಾರ ಗುರುತಿಸಿದ್ದೂ ನಿಧಾನವಾಗಿಯೇ. 1995ರ ಅಂಗವಿಕಲರ ಕಾಯ್ದೆಯ ಏಳು ವಿಧಗಳಲ್ಲಿ ಆಟಿಸಂ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ಮೊದಲ ಬಾರಿಗೆ ಅದು ಸೇರಿತು. 2009ರಲ್ಲಿ ಆಟಿಸಂ ಅಳೆಯಲು 40 ಅಂಶಗಳ ಭಾರತೀಯ ಮಾಪನ ಸಿದ್ಧವಾಯಿತು. ಅದೇ ವರ್ಷದ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ಮಕ್ಕಳನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ವಿಧಗಳನ್ನು ಪಟ್ಟಿ ಮಾಡಿತು. ಆಟಿಸಂ, ಕಲಿಕಾ ನ್ಯೂನತೆ, ವಾಕ್ ಮತ್ತು ಭಾಷಾ ತೊಂದರೆ ಎಲ್ಲವೂ ಅದರಲ್ಲಿವೆ. ಸರ್ವ ಶಿಕ್ಷಣ ಅಭಿಯಾನದ ಕಾಲದಿಂದ ಪ್ರತಿ ಬ್ಲಾಕಿಗೂ ಬಿ.ಐ.ಇ.ಆರ್.ಟಿ. ಎಂಬ ಸಂಪನ್ಮೂಲ ಶಿಕ್ಷಕರು ಬಂದರು, ಶಾಲೆಗೆ ಬರಲಾರದವರಿಗೆ ಗೃಹಾಧಾರಿತ ಶಿಕ್ಷಣ ಬಂತು. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೇ ಬಂದು ಮಕ್ಕಳನ್ನು ನೋಡುತ್ತವೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆ ನಮ್ಮ ಯಳಂದೂರು ತಾಲ್ಲೂಕಿನ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದವರೆಗೂ ತನ್ನ ಸೇವೆಯನ್ನು ತಂದಿತು.

ಈ ನಡುವೆ ಆಟಿಸಂ ಇರುವವರೇ ಮಾತಾಡತೊಡಗಿದರು. ಮಿದುಳುಗಳು ಬಗೆಬಗೆಯಾಗಿರುವುದು ಸಹಜ ಎಂಬ 'ನ್ಯೂರೋಡೈವರ್ಸಿಟಿ'ಯ ವಿಚಾರ 1990ರ ದಶಕದ ಕೊನೆಯಲ್ಲಿ ಅವರ ನಡುವಿನಿಂದಲೇ ಬಂತು. 2012ರಲ್ಲಿ ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್, ಸ್ವತಃ ಆಟಿಸಂ ಉಳ್ಳವರು, ಒಂದು ಮುಖ್ಯವಾದ ಮಾತು ಹೇಳಿದರು: ಅವರಿಗೆ ನಾವು ಅರ್ಥವಾಗದಷ್ಟೇ ನಮಗೂ ಅವರು ಅರ್ಥವಾಗುವುದಿಲ್ಲ, ಕೊರತೆ ಎರಡೂ ಕಡೆಗಿದೆ. ನನ್ನ ತರಗತಿಯಲ್ಲಿ ಆದದ್ದು ಅದೇ ಅಲ್ಲವೇ? ಹುಡುಗ ತನಗೆ ತಿಳಿದ ರೀತಿಯಲ್ಲಿ ಉತ್ತರ ಕೊಟ್ಟ. ಕೇಳಿಸಿಕೊಳ್ಳಲು ಬಾರದವನು ನಾನು.

ಆದ್ದರಿಂದಲೇ ಕಲಿಸುವಾಗಲೂ ಎಚ್ಚರ ಬೇಕು. ಕಣ್ಣಲ್ಲಿ ಕಣ್ಣಿಟ್ಟು ಮಾತಾಡು ಎಂದು ಮಗುವಿನ ಗಲ್ಲ ಹಿಡಿದು ತಿರುಗಿಸುವ ಪದ್ಧತಿ ಒಂದು ಕಾಲದಲ್ಲಿ ಹಲವೆಡೆ ಇತ್ತು. ಅದರಿಂದ ಮಗುವಿಗೆ ಹಿಂಸೆಯೇ ಹೆಚ್ಚು. ಹಾಗೆ ನೋಡಿದರೆ ನಮ್ಮ ಹಳ್ಳಿಗಳಲ್ಲಿ ಹಿರಿಯರ ಕಣ್ಣನ್ನೇ ದಿಟ್ಟಿಸುವುದು ಮರ್ಯಾದೆಯಲ್ಲ! ಸೋಲಿಗರ ಮಕ್ಕಳು ತರಗತಿಯಲ್ಲಿ ತಲೆ ತಗ್ಗಿಸಿ ಕೂತರೆ ಅದು ರೋಗವಲ್ಲ. ಅಂಥ ಮಗು ತನ್ನ ಪೋಡಿನಲ್ಲಿ ತನ್ನವರೊಡನೆ ಹೇಗೆ ಮಾತಾಡುತ್ತದೆಂದು ನೋಡಿದ ಮೇಲೆಯೇ ಯಾವುದಾದರೂ ತೀರ್ಮಾನಕ್ಕೆ ಬರಬೇಕು.

ಕೊನೆಯ ಮಾತು

ಈಗ ಆ ಹುಡುಗ ಐವತ್ತರ ಹತ್ತಿರದ ಗಂಡಸು. ಮಾವ ತೀರಿಕೊಂಡರು, ಅವರ ಮಗ ಅಂಗಡಿ ನೋಡಿಕೊಳ್ಳುತ್ತಾನೆ. 2022ರಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಿಂದ ದಿಂಬಂ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂದು ಬಸ್ಸಿನ ವೇಳೆಗಳು ಬದಲಾದಾಗ ಅವನು ವಾರಗಟ್ಟಲೆ ಊಟ ಬಿಟ್ಟು ಒದ್ದಾಡಿದ. ಅಂಗಡಿಯವನು ಹೊಸ ವೇಳಾಪಟ್ಟಿಯನ್ನು ರಟ್ಟಿನ ಮೇಲೆ ಬರೆದು ತೂಗುಹಾಕಿದ ಮೇಲೆ ಸಮಾಧಾನವಾಯಿತು. ಅವನು ನಮ್ಮೆಲ್ಲರಂತೆ ಆಗಿಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ಹದಿನಾಲ್ಕನೆಯ ವಯಸ್ಸಿನಲ್ಲಿ ಶಾಲೆಯಿಂದ ಓಡಿಸದಿದ್ದರೆ ಅವನ ಆ ದುಂಡು ಅಕ್ಷರ, ಆ ನೆನಪಿನ ಶಕ್ತಿ ಎಲ್ಲಿಯವರೆಗೆ ಹೋಗುತ್ತಿತ್ತೋ! ಈ ಲೆಕ್ಕ ನನ್ನ ಹೆಸರಿನಲ್ಲಿಯೇ ಉಳಿಯುತ್ತದೆ.

ಗೇಟಿನ ಬಳಿ ಪ್ರಶ್ನೆ ಕೇಳಿದ ನನ್ನ ಶಿಷ್ಯನಿಗೆ ಹೇಳುವುದಿಷ್ಟು. ಕಲಿಸಬಹುದಪ್ಪಾ. ಮೊದಲು ಮಗುವಿನ ಕಿವಿ ಪರೀಕ್ಷೆ ಮಾಡಿಸು, ಆಮೇಲೆ ತಜ್ಞರಿಗೆ ತೋರಿಸು. ನಿಮ್ಹಾನ್ಸ್ ನಿನ್ನ ಊರಿನಲ್ಲಿಯೇ ಇದೆ. ತಡಮಾಡಬೇಡ, ಬಾಲ್ಯದ ಒಂದೊಂದು ತಿಂಗಳೂ ಬೆಲೆಯುಳ್ಳದ್ದು. ವಾಸಿ ಮಾಡಿಕೊಡುತ್ತೇವೆಂದು ಹಣ ಕೇಳುವವರಿಂದ ದೂರವಿರು. ಇದು ವಾಸಿಯಾಗಬೇಕಾದ ಕಾಯಿಲೆಯಲ್ಲ. ಎಲ್ಲರಿಗೂ ಬಾಯಿಮಾತೇ ಬರಬೇಕೆಂದೂ ಇಲ್ಲ. ಚಿತ್ರ ತೋರಿಸಿ, ಸನ್ನೆ ಮಾಡಿ ತನಗೆ ಬೇಕಾದ್ದನ್ನು ಹೇಳಿದರೆ ಅದೂ ಮಾತೇ. ಮನೆಯಲ್ಲಿ ಪ್ರಶ್ನೆ ಕಡಿಮೆ ಮಾಡಿ, ಅವನು ಹೇಳಬೇಕಾದ ಮಾತನ್ನು ಅವನ ಪರವಾಗಿ ನೀವೇ ಹೇಳಿ. ಅವನು ಚಪ್ಪಲಿ ಜೋಡಿಸುತ್ತಿದ್ದರೆ ಪಕ್ಕದಲ್ಲಿ ಕೂತು ನೀನೂ ಒಂದು ಚಪ್ಪಲಿ ಇಡು, ಅವನು ಇನ್ನೊಂದು ಇಡಲಿ. ಮಾತುಕತೆ ಶುರುವಾಗುವುದು ಹಾಗೆಯೇ. ನಿನ್ನ ತಾಯಿಗೆ ನನ್ನ ನಮಸ್ಕಾರ ತಿಳಿಸಿ, ಇದು ಸೊಸೆಯ ತಪ್ಪೂ ಅಲ್ಲ, ಮೊಬೈಲು ಕೊಟ್ಟದ್ದರಿಂದ ಬಂದದ್ದೂ ಅಲ್ಲವೆಂದು ಮೇಷ್ಟ್ರು ಹೇಳಿದರು ಎನ್ನು. ಮೇಷ್ಟ್ರ ಮಾತಿಗೆ ನಮ್ಮ ಕಡೆ ಇನ್ನೂ ಸ್ವಲ್ಪ ಬೆಲೆಯಿದೆ.

ನನ್ನ ಶಿಷ್ಯರಲ್ಲಿ ಈಗ ಮೇಷ್ಟ್ರಾಗಿರುವವರು ಅನೇಕರಿದ್ದೀರಿ. ನಾಳೆ ನಿಮ್ಮ ತರಗತಿಯಲ್ಲಿ ಯಾವುದಾದರೂ ಮಗು ನಿಮ್ಮ ಪ್ರಶ್ನೆಯನ್ನೇ ನಿಮಗೆ ತಿರುಗಿ ಹೇಳಿದರೆ ಸಿಟ್ಟಾಗಬೇಡಿ. ಮೊದಲು ನಿಮ್ಮ ಹೆಸರು ಹೇಳಿ.